ಎಂಜಲಾಗದ ಲೋಟ

ನಮ್ಮ ಮನೆಯ ಗೋಡೆಯಲ್ಲಿ ದೇವರ ಗೂಡಿನ ಪಕ್ಕದಲ್ಲೇ ಇನ್ನೊಂದು ಚಿಕ್ಕ ಗೂಡಿದೆ. ಅದರಲ್ಲಿ ಒಂದು ಸ್ಟೀಲ್ ಲೋಟ, ಒಂದು ತಟ್ಟೆ, ಒಂದು ಚಮಚ. ಮೂರೂ ನನ್ನ ಮಗಳವು. ಎಷ್ಟೋ ವರ್ಷ ಆ ಲೋಟಕ್ಕೆ ಅವಳ ಬಾಯಿ ಬಿಟ್ಟು ಬೇರೆ ಬಾಯಿ ತಗುಲಲಿಲ್ಲ. ನೆಂಟರು ಬಂದಾಗ ಯಾರಾದರೂ ಮರೆತು ಅದಕ್ಕೆ ಕೈ ಹಾಕಿದರೆ ಒಲೆಯ ಮುಂದಿದ್ದವಳು ಎದ್ದು ಓಡುತ್ತಿದ್ದೆ.

ಅವಳಿಗೆ ಇನ್ನೂ ಅಂಗನವಾಡಿಯ ವಯಸ್ಸು. ಬೆಳಿಗ್ಗೆ ಎದ್ದಾಗ ಮುಖ ಉಬ್ಬಿರುತ್ತಿತ್ತು. ಮಗು ಮೈ ಹಿಡಿಯುತ್ತಿದೆ ಎಂದು ನಾನು ಖುಷಿಪಟ್ಟೆ, ಯಾರದೋ ಕಣ್ಣು ಬಿದ್ದೀತೆಂದು ಅತ್ತೆ ದೃಷ್ಟಿ ತೆಗೆದರು. ಅದು ಮೈ ಅಲ್ಲ, ನೀರು ಎಂದು ಗೊತ್ತಾಗುವ ಹೊತ್ತಿಗೆ ಕಣ್ಣು ತೆರೆಯಲೂ ಆಗದಷ್ಟು ಬಾತಿತ್ತು. ಕಿಡ್ನಿಯ ಕಾಯಿಲೆ. ಬೆಂಗಳೂರಿನ ಡಾಕ್ಟರು ಔಷಧಿ ಬರೆದುಕೊಟ್ಟು, "ಸೋಂಕು ತಗಲದಂಗೆ ನೋಡ್ಕೊಳ್ಳಿ ಅಮ್ಮ, ಸೋಂಕಾದಾಗೆಲ್ಲ ಇದು ಜಾಸ್ತಿ ಆಗುತ್ತೆ" ಎಂದರು. ಆ ಮಾತನ್ನು ನಾನು ವ್ರತದ ಹಾಗೆ ಹಿಡಿದೆ. ಸೋಮವಾರ ಒಂದು ಹೊತ್ತು ಊಟ ಬಿಡುವವಳಿಗೆ ಇದೇನು ಕಷ್ಟ ಎಂದುಕೊಂಡೆ.

ಆದರೆ ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ಹಿಂದಿನ ಕೋಣೆಯಲ್ಲಿ ಪವರ್‌ಲೂಮ್ ಓಡುತ್ತದೆ, ಮುಂದಿನ ಕೋಣೆಯಲ್ಲಿ ನಾವು ಇರುತ್ತೇವೆ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯಲ್ಲಿ ನೂಲು ಮುಗಿದಾಗ, ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಲಾಳಿಯ ಕಣ್ಣಿಗೆ ಬಾಯಿಟ್ಟು ಒಂದು ಸಲ ಜೋರಾಗಿ ಉಸಿರೆಳೆದರೆ ನೂಲಿನ ತುದಿ ಆ ಸಣ್ಣ ತೂತಿನಿಂದ ಆಚೆ ಬರುತ್ತದೆ. ಸೂಜಿ ಹಾಕಿ ಎಳೆಯುತ್ತ ಕೂತರೆ ಮಗ್ಗ ಕಾಯುವುದಿಲ್ಲ. ಗಂಡ ಬಾಯಿಟ್ಟ ಲಾಳಿಗೆ ಮೈದುನ, ಮೈದುನ ಬಾಯಿಟ್ಟಿದ್ದಕ್ಕೆ ಅತ್ತೆ, ಕೂಲಿಗೆ ಬಂದವರು, ಆಟಕ್ಕೆಂದು ಅವರ ಮಕ್ಕಳು, ಎಲ್ಲರೂ ಬಾಯಿಡುತ್ತಾರೆ. ಕೆಂಪು ನೂಲು ಓಡುವ ದಿನ ಎಲ್ಲರ ನಾಲಿಗೆಯೂ ಎಲೆಅಡಿಕೆ ಹಾಕಿಕೊಂಡಂತೆ ಕಾಣುತ್ತದೆ. ನನ್ನ ತವರು, ಇಲ್ಲೇ ಹತ್ತಿರದ ವಿಜಯಪುರದಲ್ಲೂ ಮಗ್ಗವೇ. ಹಾಲುಹಲ್ಲು ಬೀಳುವ ಮುಂಚೆಯೇ ನಾನು ಲಾಳಿ ಎಳೆಯುವುದನ್ನು ಕಲಿತಿದ್ದೆ. ಊಟದ ತಟ್ಟೆ ಎಂಜಲಾದರೆ ಮೂರು ಸಲ ತೊಳೆಯುವ ನಾವು ಲಾಳಿಯ ಎಂಜಲನ್ನು ಎಂಜಲೆಂದು ಎಣಿಸಿದವರೇ ಅಲ್ಲ.

ಮಗಳಿಗೆ ಮಾತ್ರ ಅದು ಬೇಡ ಎಂದುಕೊಂಡೆ. ಮಗ್ಗದ ಕೋಣೆಯ ಬಾಗಿಲಿಗೆ ಅಡ್ಡವಾಗಿ ಹಲಗೆ ಇಟ್ಟೆ. ಒಂದು ದಿನ ಅವಳು ಅದನ್ನು ಹತ್ತಿ ಇಳಿದು, ಅಜ್ಜಿಯ ಕೈಯ ಲಾಳಿಗೆ ಬಾಯಿ ಚಾಚಿದಳು. ನಾನು ಕಿತ್ತುಕೊಂಡೆ.

ಅತ್ತೆಗೆ ರೇಗಿತು. "ಏನಮ್ಮಾ, ನಮ್ಮ ಬಾಯೇನು ಮೋರಿನಾ? ನಿನ್ ಗಂಡನ್ನ ಇದೇ ಲಾಳಿ ಹಿಡ್ಕೊಂಡು ಸಾಕ್ದೋಳು ನಾನು!"

"ಅಯ್ಯೋ, ಹಂಗಲ್ಲ ಅತ್ತೆ, ಡಾಕ್ಟ್ರು ಹೇಳವ್ರೆ."

"ಡಾಕ್ಟ್ರು ಹೇಳಿದ್ರೆ ದೇವರ ತೀರ್ಥಾನೂ ಬೇಡ ಅಂತೀಯಾ?"

ಬೇಡ ಅಂದೆ, ಅದನ್ನೂ ಅಂದೆ. ಘಾಟಿ ಸುಬ್ರಹ್ಮಣ್ಯನ ಗುಡಿಗೆ ಹೋದಾಗ ತೀರ್ಥವನ್ನು ನನ್ನ ಅಂಗೈಯಲ್ಲಿ ತೆಗೆದುಕೊಂಡು ಅವಳ ಕಣ್ಣಿಗೆ ಒತ್ತುತ್ತಿದ್ದೆ, ಬಾಯಿಗೆ ಬಿಡುತ್ತಿರಲಿಲ್ಲ. ಸುಬ್ರಹ್ಮಣ್ಯ ಸ್ವಾಮಿ ಮಕ್ಕಳ ತಾಯಂದಿರನ್ನು ಕಂಡವನು, ತಪ್ಪು ತಿಳಿಯಲಾರ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಓಣಿಯ ಮಕ್ಕಳು ಒಂದೇ ಐಸ್‌ಕ್ಯಾಂಡಿಯನ್ನು ಸರದಿಯಲ್ಲಿ ಚೀಪುವಾಗ ಇವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಹಟ ಮಾಡುತ್ತಿರಲಿಲ್ಲ. ಹಟ ಮಾಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಎಷ್ಟು ಕಾಪಾಡಿದರೂ ಕಿಡ್ನಿ ಉಳಿಯಲಿಲ್ಲ. ಅವಳು ಹೈಸ್ಕೂಲು ಸೇರುವ ಹೊತ್ತಿಗೆ ಎರಡೂ ಕೈಬಿಟ್ಟವು. ಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ ನನ್ನ ರಕ್ತ ಹೊಂದಿತು. ಆ ದಿನ ದೀಪ ಹಚ್ಚಿ, ನನಗೆ ಎರಡು ಕೊಟ್ಟಿದ್ದು ಇದಕ್ಕೇ ಏನಮ್ಮಾ ಎಂದು ಚೌಡೇಶ್ವರಮ್ಮನನ್ನು ಕೇಳಿದೆ. ಆಪರೇಷನ್ನಿಗೆ ಮುಂಚೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಆಗಬಹುದಾದ ತೊಂದರೆಗಳನ್ನೆಲ್ಲ ಹೇಳಿದರು. ತಾಯಿಯ ರಕ್ತದಲ್ಲಿ ಹಳೆಯ ವೈರಸ್ಸೊಂದರ ಗುರುತಿದೆ, ಮಗಳಲ್ಲಿ ಇಲ್ಲ ಎಂದೂ ಹೇಳಿದ್ದರು. ಹೊಂದುತ್ತದೆ ಎಂಬ ಒಂದು ಮಾತು ಬಿಟ್ಟು ನಮ್ಮ ಕಿವಿಗೆ ಬೇರೇನೂ ಇಳಿಯಲಿಲ್ಲ.

ಆಪರೇಷನ್ ಆಯಿತು, ಆಮೇಲೆ ಒಳ್ಳೆಯ ಕಾಲವೊಂದು ಬಂತು. ದಿನಗಳು ಕಡಿಮೆ, ಆದರೂ ಬಂತು. ಅವಳು ಬಚ್ಚಲಿಗೆ ಹೋದಾಗ ಮೂತ್ರ ಹೊಯ್ಯುವ ಸದ್ದು ಹೊರಗೆ ಕೇಳಿ ನಾನು ನಿಂತಲ್ಲೇ ಕೈ ಮುಗಿದಿದ್ದೇನೆ. ಬೇರೆಯವರಿಗೆ ನಗು ಬರಬಹುದು. ಮಗಳು ಎತ್ತರವಾದಳು, ಸ್ಕೂಲಿನ ಬಸ್ಸಿಗೆ ಓಡಿಹೋಗಿ ಹತ್ತಿದಳು. ಬೆಳಿಗ್ಗೆ ಸಂಜೆ ತಪ್ಪದೆ ಮಾತ್ರೆ. ನನ್ನ ಕಿಡ್ನಿ ಅವಳ ಮೈಗೆ ಎಷ್ಟಾದರೂ ಹೊರಗಿನದು, ಮೈಯ ರೋಗ ತಡೆಯುವ ಶಕ್ತಿ ಅದನ್ನು ಆಚೆ ತಳ್ಳಲು ನೋಡುತ್ತದೆ, ಆ ಶಕ್ತಿಯನ್ನು ತಗ್ಗಿಸಿಡುವುದಕ್ಕೇ ಈ ಮಾತ್ರೆ ಎಂದು ಡಾಕ್ಟರು ತಿಳಿಹೇಳಿದ್ದರು. ಒಂಬತ್ತು ತಿಂಗಳು ಹೊತ್ತವಳ ಅಂಗ ಮಗಳಿಗೆ ಹೊರಗಿನದು ಹೇಗಾಗುತ್ತದೋ ನನಗೆ ಅರ್ಥವಾಗಲಿಲ್ಲ. ಆದರೂ ಮಹಾಮಂಗಳಾರತಿಯ ಹೊತ್ತು ತಪ್ಪಿದರೂ ಮಾತ್ರೆಯ ಹೊತ್ತು ತಪ್ಪಿಸಲಿಲ್ಲ. ಆ ಮಾತ್ರೆಗೆ ಚಕ್ಕೋತ ಆಗದು ಎಂದರು, ತಿಂದರೆ ಮಾತ್ರೆ ರಕ್ತದಲ್ಲಿ ಏರಿಬಿಡುತ್ತದಂತೆ. ನನ್ನ ತವರಿನ ಹಿತ್ತಿಲಲ್ಲಿ ಚಕ್ಕೋತದ ಮರವಿದೆ. ಆ ವರ್ಷ ಅಣ್ಣ ತಂದುಕೊಟ್ಟ ಹಣ್ಣನ್ನು ಬಾಗಿಲಲ್ಲೇ ಪಕ್ಕದ ಮನೆಗೆ ದಾಟಿಸಿದೆ.

"ಅಮ್ಮ, ವಾಸನೆನಾದ್ರೂ ನೋಡ್ಲಾ?" ಎಂದಳು. ವಾಸನೆಗೂ ಬಿಡಲಿಲ್ಲ.

ವರ್ಷ ತುಂಬುವ ಮೊದಲೇ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ತಲೆ ಬಾಚುವಾಗ ನನ್ನ ಕೈಗೆ ಸಿಕ್ಕಿತು. ನೋವಿಲ್ಲ ಎಂದಳು.

ಅತ್ತೆ ಮುಟ್ಟಿ ನೋಡಿ, "ಮಂಗನಬಾವು ಕಣಮ್ಮಿ, ಓಣಿನಾಗೆಲ್ಲ ಮಕ್ಕಳಿಗೆ ಬಂದೈತೆ" ಎಂದು ಕೆಮ್ಮಣ್ಣು ಕಲಸಿ ಪಟ್ಟು ಹಾಕಿದರು. ನನಗೂ ಹಾಗೇ ಇರಲಿ ಎನ್ನಿಸಿತು. ಎಲ್ಲರ ಮಕ್ಕಳಿಗೂ ಬರುವ ಕಾಯಿಲೆ ಒಂದಾದರೂ ನನ್ನ ಮಗಳಿಗೂ ಬಂತಲ್ಲ ಎಂದು ಒಳಗೊಳಗೇ ಸಂತೋಷ. ಕೆಮ್ಮಣ್ಣು ಒಣಗಿ ಉದುರಿ ಕಲೆಯಷ್ಟೇ ಉಳಿಯಿತು, ಗಂಟು ಇಳಿಯಲಿಲ್ಲ. ಕಂಕುಳಲ್ಲಿ ಇನ್ನೊಂದು ಎದ್ದಿತು. ಸಂಜೆಸಂಜೆಗೆ ಜ್ವರ.

ಆಸ್ಪತ್ರೆಯಲ್ಲಿ ಡಾಕ್ಟರು ಹತ್ತಿ ಒದ್ದೆ ಮಾಡಿ ಅವಳ ಕುತ್ತಿಗೆ ಒರೆಸುತ್ತ, "ಇದೇನು ಬಣ್ಣ ಪುಟ್ಟಾ, ಹೋಳಿ ಆಡಿದ್ಯಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ಅಜ್ಜಿ ಟ್ರೀಟ್ಮೆಂಟು" ಎಂದಳು ಮಗಳು. ಅವರೂ ನಕ್ಕರು. ಕೈಗೆ ಗಂಟು ಸಿಕ್ಕಿದ ಮೇಲೆ ಅವರ ನಗು ನಿಂತಿತು.

ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಮಗಳನ್ನು ಹೊರಗೆ ಕೂರಿಸಿ ನಮ್ಮನ್ನು ಒಳಗೆ ಕರೆದರು. ಮೊದಲು ಒಂದು ಪ್ರಶ್ನೆ ಕೇಳಿದರು.

"ಅಮ್ಮ, ಇವಳು ಚಿಕ್ಕವಳಿದ್ದಾಗ ಬೇರೆ ಮಕ್ಕಳ ಜೊತೆ ಒಂದೇ ಲೋಟ, ಒಂದೇ ತಟ್ಟೆ, ಹಂಗೇನಾದ್ರೂ ಇತ್ತಾ?"

"ಒಂದು ದಿನಾನೂ ಇಲ್ಲ ಡಾಕ್ಟ್ರೇ," ಎಂದೆ. ತಲೆ ಎತ್ತಿ ಹೇಳಿದೆ. "ಅವಳ ಲೋಟಾನೇ ಬೇರೆ. ತೀರ್ಥಾನೂ ಬಾಯಿಗೆ ಬಿಟ್ಟೋಳಲ್ಲ ನಾನು."

ಅವರು ತಲೆದೂಗುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

ಆಮೇಲೆ ಹೇಳಿದರು. ಗಂಟಿನ ಚೂರಿನಲ್ಲಿ ಒಂದು ವೈರಸ್ಸು ಸಿಕ್ಕಿದೆ. ಅದು ಹೊಸದಲ್ಲ, ಅಪರೂಪದ್ದೂ ಅಲ್ಲ. "ನಿಮಗಿದೆ, ನನಗಿದೆ, ಹೊರಗೆ ಕೂತಿದ್ದಾರಲ್ಲ, ಅವರಲ್ಲಿ ಬಹಳ ಜನಕ್ಕಿದೆ. ಚಿಕ್ಕಂದಿನಲ್ಲಿ ಯಾರದೋ ಎಂಜಲಿಂದ ಬರುತ್ತೆ. ಒಂದು ಜ್ವರ, ಒಂದು ಗಂಟಲುನೋವು, ಎಷ್ಟೋ ಸಲ ಅದೂ ಇಲ್ಲ. ಆಮೇಲೆ ರಕ್ತದ ಕಣದೊಳಗೆ ಸೇರ್ಕೊಂಡು ಮಲಗಿಬಿಡುತ್ತೆ. ಮೈ ಒಳಗಿನ ಶಕ್ತಿ ಅದನ್ನ ಸಾಯೋತನಕ ಕಾಯ್ತಿರುತ್ತೆ, ಏಳೋಕೆ ಬಿಡಲ್ಲ."

"ಇವಳಿಗೆ ಯಾಕೆ ಹಿಂಗಾಯ್ತು ಸಾರ್?" ಎಂದರು ನನ್ನ ಗಂಡ.

"ಇವಳ ಮೈ ಅದನ್ನ ಯಾವತ್ತೂ ಕಂಡೇ ಇರಲಿಲ್ಲ. ಮೊದಲನೇ ಸಲ ಬಂದಾಗ ಗುರುತು ಹಿಡಿದು ಅದುಮೋ ಶಕ್ತಿನ ನಾವೇ ಮಾತ್ರೆ ಕೊಟ್ಟು ತಗ್ಗಿಸಿದ್ವಿ. ಬೇರೆ ದಾರಿ ಇರಲಿಲ್ಲ. ತಡೆಯೋರಿಲ್ಲ ಅಂದ್ಮೇಲೆ ಅದು ಹೊಕ್ಕ ಕಣಗಳು ಬೆಳೆದೂ ಬೆಳೆದೂ ಗಂಟಾದವು. ಇದೂ ಒಂದು ಥರದ ಕ್ಯಾನ್ಸರೇ."

"ಎಲ್ಲಿಂದ ಬಂತು?" ಎಂದು ನಾನು ಕೇಳಿದೆ. ಕೇಳುವಾಗಲೇ ಗೊತ್ತಾಗಿತ್ತು.

"ಕಿಡ್ನಿ ಜೊತೆಗೇ ಬಂದಿರೋ ಹಾಗೆ ಕಾಣುತ್ತೆ ಅಮ್ಮ." ಅವರು ತಕ್ಷಣ ಸೇರಿಸಿದರು, "ನೀವು ಮಾಡಿದ್ದು ಯಾವುದೂ ತಪ್ಪಲ್ಲ. ಲೋಟ ಬೇರೆ ಇಟ್ಟಿದ್ದೂ ತಪ್ಪಲ್ಲ, ಕಿಡ್ನಿ ಕೊಟ್ಟಿದ್ದೂ ತಪ್ಪಲ್ಲ. ಅವಳು ಇಷ್ಟು ದೊಡ್ಡವಳಾಗಿದ್ದೇ ಅದ್ರಿಂದ."

ಅವರ ಮಾತನ್ನು ನಾನು ನಂಬುತ್ತೇನೆ. ಆದರೂ ಬಸ್ಸಿನಲ್ಲಿ ಯಲಹಂಕ ದಾಟುವವರೆಗೆ ನನ್ನ ಬಾಯೊಳಗೆ ಲಾಳಿಯ ಮರದ ರುಚಿ ಇತ್ತು. ವಿಜಯಪುರದ ಯಾವ ಅಕ್ಕಪಕ್ಕದವಳ, ಯಾವ ಚಿಕ್ಕಪ್ಪನ ಎಂಜಲೋ, ನಲವತ್ತು ವರ್ಷ ನನ್ನೊಳಗೆ ಸದ್ದಿಲ್ಲದೆ ಮಲಗಿದ್ದು ಮಗಳನ್ನು ಹುಡುಕಿಕೊಂಡು ಹೋಯಿತು.

ಇದ್ದ ದಾರಿ ಒಂದೇ. ಮಾತ್ರೆಯ ಪ್ರಮಾಣ ಇಳಿಸಬೇಕು, ಮಲಗಿಸಿದ್ದ ಶಕ್ತಿಯನ್ನು ಸ್ವಲ್ಪ ಏಳಿಸಬೇಕು. ಅದು ಎದ್ದರೆ ಗಂಟನ್ನು ತಿನ್ನುತ್ತದೆ, ಕಿಡ್ನಿಯನ್ನೂ ತಿನ್ನಬಹುದು. ಎರಡೂ ಉಳಿಯುತ್ತವೆ ಎಂದು ಡಾಕ್ಟರು ಮಾತು ಕೊಡಲಿಲ್ಲ. ಮಗಳಿಗೂ ಮುಚ್ಚಿಡದೆ ಎಲ್ಲವನ್ನೂ ಹೇಳಿದರು. ಅವಳು ಮನೆಗೆ ಬಂದು, ನಾನು ಅಕ್ಕಿ ಆರಿಸುತ್ತಿದ್ದಾಗ ಪಕ್ಕ ಕೂತಳು.

"ಅಮ್ಮ, ನಿನ್ ಕಿಡ್ನಿ ಹೋಗ್ಬಿಟ್ರೆ ನಿಂಗೆ ಬೇಜಾರಾಗಲ್ವಾ?"

"ಹೋದ್ರೆ ಹೋಗ್ಲಿ ಬಿಡು. ನೀನಿರು."

"ಇನ್ನೊಂದ್ ಕೊಡಲ್ಲ ತಾನೆ?"

"ಇರೋದೊಂದು. ಅದನ್ನೂ ಕೊಟ್ಟು ಆಮೇಲೆ ನಾನು ಎಲ್ಲಿಗೆ ಹೋಗ್ಲಿ?"

"ಅದೇ ಮತ್ತೆ. ಸುಮ್ನೆ ಕೇಳ್ದೆ" ಎಂದು ಒಂದು ಕಲ್ಲು ಆರಿಸಿ ಮೊರದಿಂದ ಆಚೆ ಹಾಕಿದಳು.

ಅಷ್ಟು ದಿನ ಹೊತ್ತು ತಪ್ಪದೆ ಕೊಟ್ಟ ಮಾತ್ರೆಯನ್ನು ಅದೇ ಕೈಯಿಂದ ಅರ್ಧ ಮುರಿದು ಕೊಡಬೇಕಾಯಿತು. ಅತ್ತೆಗೆ ಮಾತ್ರ ಜೀವ ಬಂದ ಹಾಗಾಯಿತು. "ನಾನ್ ಹೇಳ್ಲಿಲ್ವಾ, ಆ ಮಾತ್ರೆಗಳೇ ಮಾರಿ ಅಂತ?" ಎಂದರು. ಅಂಥವರೇ ಬಾಗಿಲು ಹಾಕಿಕೊಂಡು ಅತ್ತಿದ್ದು ನನಗೆ ಕೇಳಿಸಿದೆ.

ಆ ದಿನಗಳಲ್ಲಿ ಏನೆಂದು ಬೇಡಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಅವಳ ಮೈಯ ಶಕ್ತಿ ಏಳಲಿ ಎಂದರೆ ಕಿಡ್ನಿಗೆ ಕೇಡು, ಮಲಗಿರಲಿ ಎಂದರೆ ಗಂಟಿಗೆ ಬಲ. ಕಡೆಗೆ ದೀಪದ ಮುಂದೆ ಕೂತು, "ತಾಯಿ, ನಂದು ಯಾವುದು ಬೇಕೋ ತಗೋ, ಅವಳದ್ದು ಅವಳಿಗೆ ಬಿಡು" ಎಂದೆ. ಕಿಡ್ನಿ ನನ್ನದೇ ತಾನೆ. ಹಾಗೆ ಬೇಡಿಕೊಂಡಾಗ ಅದು ನೆನಪಿರಲಿಲ್ಲ.

ಮಾತ್ರೆ ಇಳಿಸಿದರು, ಡ್ರಿಪ್ಪಿನಲ್ಲಿ ಇನ್ನೊಂದು ಔಷಧಿ ಹಾಕಿದರು. ಗಂಟುಗಳು ಕರಗುತ್ತ ಬಂದವು. ತಲೆ ಬಾಚುವಾಗ ನನ್ನ ಬೆರಳು ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು. ಹುಣಸೆ ಬೀಜದಷ್ಟು, ಕಡಲೆಯಷ್ಟು, ಒಂದು ದಿನ ಏನೂ ಸಿಗಲಿಲ್ಲ. ಆ ಸಂತೋಷದ ಹಿಂದೆಯೇ ಬಚ್ಚಲಿನ ಸದ್ದು ಸಣ್ಣದಾಯಿತು. ಬೆಳಿಗ್ಗೆ ಮುಖ ಉಬ್ಬತೊಡಗಿತು, ಅಂಗನವಾಡಿಯ ಕಾಲದ ಅದೇ ಮುಖ. ಎಲ್ಲ ಔಷಧಿ ಮಾಡಿ ನೋಡಿದರು. ನನ್ನ ಕಿಡ್ನಿ ಅವಳೊಳಗೆ ನಿಂತುಹೋಯಿತು. ಅಲ್ಲೇ ಇದೆ, ಕೆಲಸ ಮಾಡುವುದಿಲ್ಲ.

ಈಗ ಡಯಾಲಿಸಿಸ್. ವಾರಕ್ಕೆ ಮೂರು ಸಲ ಹೋಗುತ್ತೇವೆ. ನಮ್ಮೂರಲ್ಲೇ ಆಗುತ್ತದೆ, ಬೆಂಗಳೂರಿಗೆ ಹೋಗಬೇಕಿಲ್ಲ, ಅದೊಂದು ಪುಣ್ಯ. ಕಿಟಕಿಯ ಪಕ್ಕದ ಮಂಚ ಸಿಕ್ಕರೆ ಅದೂ ಒಂದು. ಗಂಟು ಮತ್ತೆ ಬಂದಿಲ್ಲ, ಬರುವುದೇ ಇಲ್ಲ ಎಂದು ಯಾರೂ ಹೇಳಿಲ್ಲ. ಇನ್ನೊಂದು ಕಿಡ್ನಿಯ ಮಾತು ಎತ್ತಲು ಇನ್ನೂ ಕಾಯಬೇಕಂತೆ, ಯಾಕೆಂದರೆ ಕಿಡ್ನಿ ಬಂದರೆ ಆ ಮಾತ್ರೆಯೂ ಬರುತ್ತದೆ. ಈಗ ಅವಳ ರಕ್ತಕ್ಕೆ ಆ ವೈರಸ್ಸಿನ ಗುರುತು ಸಿಕ್ಕಿದೆ, ಮುಂದೆ ಆ ಗುರುತೇ ಅವಳನ್ನು ಸ್ವಲ್ಪ ಕಾಪಾಡಬಹುದು ಎಂದರು ಡಾಕ್ಟರು. ಅದನ್ನೂ ನಾನು ಪುಣ್ಯದ ಕಡೆಗೇ ಸೇರಿಸಿಕೊಂಡಿದ್ದೇನೆ, ಮನಸ್ಸು ಪೂರ್ತಿ ಒಪ್ಪದಿದ್ದರೂ.

ಹೋದ ತಿಂಗಳು ಅಣ್ಣ ಮತ್ತೆ ಚಕ್ಕೋತ ತಂದ. ಕಿಡ್ನಿಯ ಜೊತೆಗೇ ಆ ಮಾತ್ರೆಯೂ ನಿಂತಿದೆ, ಆದರೆ ಡಯಾಲಿಸಿಸ್ ಇರುವವರಿಗೆ ಹಣ್ಣುಗಳೂ ಅಳತೆಯೇ. ಕೇಳಿದ್ದಕ್ಕೆ ನರ್ಸಮ್ಮ, "ಮಿಷಿನ್ ಹಾಕಿದ ಮೊದಲನೇ ಗಂಟೇಲಿ ಒಂದೇ ಒಂದು ತೊಳೆ ಕೊಡಿ, ನಾನೇ ನಿಂತು ನೋಡ್ತೀನಿ" ಎಂದರು. ಮನೆಯಲ್ಲೇ ಸಿಪ್ಪೆ ಬಿಡಿಸಿ, ಬಿಳಿ ನಾರು ತೆಗೆದು, ಒಂದು ತೊಳೆಯನ್ನು ಅವಳ ತಟ್ಟೆಯಲ್ಲಿಟ್ಟುಕೊಂಡು ಹೋದೆ. ಒಂದು ಕೈಗೆ ಸೂಜಿ ಚುಚ್ಚಿತ್ತು, ಇನ್ನೊಂದು ಕೈಯಿಂದ ತೆಗೆದುಕೊಂಡಳು. ಮೊದಲು ಮೂಸಿ ನೋಡಿದಳು. ಅರ್ಧ ಕಚ್ಚಿದಳು. ರಸ ಗದ್ದಕ್ಕೆ ಇಳಿಯಿತು.

ಉಳಿದ ಅರ್ಧವನ್ನು ನನ್ನ ಕಡೆ ಹಿಡಿದಳು.

"ತಿನ್ನೇ ನೀನು, ನಿಂಗೇ ತಂದಿದ್ದು" ಎಂದೆ.

"ಸಾಕು. ಹುಳಿ. ನೀನ್ ತಿನ್ನು." ಆಮೇಲೆ ನನ್ನ ಮುಖ ನೋಡಿ, "ಎಂಜಲು ಅಂತ ನೋಡ್ತಿದ್ಯಾ? ನಿಂದೆಲ್ಲ ನನ್ನೊಳಗೇ ಇದೆಯಲ್ಲಮ್ಮ" ಎಂದಳು.

ತಿಂದೆ. ಹುಳಿಯೇನೂ ಇರಲಿಲ್ಲ.