ಅಂಚಿನಲ್ಲಿ ಗೀಚಿದ ಮಾತು

ಕರಡು ತಿದ್ದುವವನು ಮೂರು ವಾರದಿಂದ ಒಂದೇ ಕಾದಂಬರಿ ಓದಿ ಸುಸ್ತಾಗಿದ್ದ. ದಂತಕಥೆಯ ಸರ್ಪಕನ್ಯೆ, ಅವಳನ್ನು ಕೊಲ್ಲಲು ಬಂದ ಬೇಟೆಗಾರ. ಮುನ್ನೂರು ಪುಟ ಜಗಳ, ಆಮೇಲೆ ಪ್ರೀತಿ. ಪ್ರೀತಿಯ ಗಂಧಗಾಳಿಯೂ ಗೊತ್ತಿಲ್ಲದ ಇವನಿಗೆ ಬರುತ್ತಿದ್ದದ್ದು ಟೈಪಿಸ್ಟ್ ಹುಡುಗಿಯ ಜೊತೆ ಜಗಳ ಮಾತ್ರ. "ಎಷ್ಟು ಹೇಳಿದರೂ ಅದೇ ಹಠ, ನನಗೆ ಸಾಕಾಯ್ತು" ಎಂದು ಅವಳಿಗಾಗಿ ಅಂಚಿನಲ್ಲಿ ಗೀಚಿದ್ದನ್ನು ಅವಳು ಬೇಟೆಗಾರನ ಮಾತಾಗಿ ಸೇರಿಸಿಬಿಟ್ಟಿದ್ದಳು. ಪ್ರೆಸ್ಸಿನ ಯಜಮಾನರು ಕಂಡರೆ ಇಬ್ಬರ ಕೆಲಸಕ್ಕೂ ಸಂಚಕಾರ.

"ಅದು ನಿಮಗೆ ಬರೆದದ್ದು ಕಣ್ರೀ, ತೆಗೀರಿ."

"ಇಡೀ ಪುಸ್ತಕದಲ್ಲಿ ಬೇಟೆಗಾರ ಮನಸ್ಸಿಂದ ಆಡಿದ್ದು ಅದೊಂದೇ ಅನ್ನಿಸ್ತು."

ಅವನು ಮತ್ತೆ ಓದಿದ. ಕೊಲ್ಲಲು ಬಂದವನು ಹೀಗೆ ಗೊಣಗುವುದಿಲ್ಲ, ಪ್ರೀತಿಗೆ ಬಿದ್ದವನೇ ಗೊಣಗುವುದು; ಅವಳು ಹೇಳಿದ್ದು ಸರಿಯೇ. ಆದರೂ ಪುಸ್ತಕ ಲೇಖಕಿಯದು, ಸಾಲನ್ನು ಹೊಡೆದುಹಾಕಿದ.

"ಇನ್ಮೇಲೆ ಬೈಯೋದಿದ್ರೆ ಬಾಯಲ್ಲೇ ಬೈರಿ, ಸಂಜೆ ಚಹಾ ಕುಡೀತಾ," ಎಂದಳು.

ವಾದಿಸುವ ತ್ರಾಣವಿಲ್ಲದೆ ಅವನು ಹ್ಞೂಂ ಎಂದ.