ಒಳಗ ಏನರ ಬಿಟ್ಟಾರೇನ್ರಿ?

ಭಾಲ್ಕಿಯ ಖಾಸಗಿ ದವಾಖಾನೆಯೊಂದರ ಗೇಟಿನ ಹೊರಗೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೂತಿರುತ್ತಿದ್ದರು ಮಾಳಪ್ಪ ಕಾಕಾ. ಕಿಡ್ನಿ ಕಲ್ಲು ತೆಗೆಸಿಕೊಂಡು ಹೊರಬಂದವರನ್ನೆಲ್ಲ ತಡೆದು ಒಂದೇ ಮಾತು ಕೇಳುತ್ತಿದ್ದರು: "ಒಳಗ ಏನರ ಬಿಟ್ಟಾರೇನ್ರಿ? ತೆಗಿಯೋದು ಯಾವಾಗಂತ ಹೇಳ್ಯಾರೇನ್ರಿ?" ತಲೆಕೆಟ್ಟ ಮುದುಕ ಎಂದು ಜನ ಸರಿದುಹೋಗುತ್ತಿದ್ದರು. ಕಾವಲುಗಾರ ಎರಡು ಸಲ ಎಬ್ಬಿಸಿ ಕಳಿಸಿದ್ದ. ಅದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ನಾನು ಮೆಹಕರದಲ್ಲಿ ಶಾಲಾ ಮಾಸ್ತರನಾಗಿದ್ದಾಗ ಕಾಕಾ ಪಕ್ಕದ ಮನೆಯವರು, ಕುರಿ ಸಾಕುತ್ತಿದ್ದರು. ಕುರಿ ಕೊಳ್ಳುವಾಗ ಹಲ್ಲು, ಗೊರಸು, ಕಣ್ಣಿನ ರೆಪ್ಪೆ ತಿರುವಿ ನೋಡಿ, ಎದುರಿನವನಿಗೆ ಸಾಕಪ್ಪಾ ಸಾಕು ಎನಿಸುವಷ್ಟು ಪ್ರಶ್ನೆ ಕೇಳುತ್ತಿದ್ದರು. ತಾವು ಮಾರುವಾಗ ಮಾತ್ರ ಕುರಿಯ ಕೆಮ್ಮು, ಕುಂಟು ಎಲ್ಲವನ್ನೂ ಮೊದಲೇ ಹೇಳಿಬಿಡುವರು. ಹೇಳದೆ ಕೊಟ್ಟರೆ ಅದು ಕಳವೇ ಎನ್ನುವುದು ಅವರ ವಾದ.

ಅವರಿಗೆ ಕಲ್ಲಿನ ನೋವು ಬಂದಾಗ ಜೊತೆಗೆ ಹೋದವನು ನಾನು. ಔರಾದಿನ ಡಾಕ್ಟರು, ಹೊರಗಿನಿಂದಲೇ ಶಬ್ದದ ಅಲೆ ಬಿಟ್ಟು ಕಲ್ಲು ಒಡೆಯೋಣ, ಗಾಯವಿಲ್ಲ, ಚೂರು ತಾನೇ ಬೀಳುತ್ತದೆ, ಎರಡು ಮೂರು ಸಲ ಬರಬೇಕಾದೀತು ಎಂದರು. ಭಾಲ್ಕಿಯವರು ಮೂತ್ರದ ದಾರಿಯಲ್ಲಿ ದುರ್ಬೀನು ತೂರಿಸಿ ಲೇಸರಿನಿಂದ ಪುಡಿ ಮಾಡುತ್ತೇವೆಂದರು. ಬೀದರಿನವರು ಬೆನ್ನಿಗೆ ಸಣ್ಣ ತೂತು ಕೊರೆದು ಹೊರಗೆಳೆಯುವುದೇ ದೊಡ್ಡ ಕಲ್ಲಿಗೆ ಸರಿ, ರಕ್ತ ಹೋಗುವ ಭಯ ಮಾತ್ರ ತುಸು ಹೆಚ್ಚು ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ನನ್ನ ಕಡೆ ತಿರುಗಿದರು.

"ಮೂರೂ ಮಂದಿ ತಮ್ಮ ತಮ್ಮ ಮಶೀನ್ ಹೊಗಳ್ಯಾರ್ರಿ ಮಾಸ್ತರ. ನನ್ನ ಕಲ್ಲಿನ ಮಾತು ಯಾರೂ ಆಡಿಲ್ಲ."

ಕೊನೆಗೆ ನೀವೇ ಹೇಳಿರಿ ಎಂದು ನನ್ನ ಮೇಲೆ ಬಿಟ್ಟರು. ಕೊಯ್ಯುವುದಿಲ್ಲ, ಮರುದಿನವೇ ಮನೆಗೆ ಬರಬಹುದು ಎಂದು ನಾನು ಲೇಸರ್ ಆರಿಸಿದೆ. ಕಲ್ಲು ಪುಡಿಯಾಯಿತು. ಡಾಕ್ಟರು ಹೋಗುವ ಅವಸರದಲ್ಲಿ, ಒಳಗೆ ಸ್ಟೆಂಟ್ ಹಾಕಿದೆ, ಚಿಂತೆಯಿಲ್ಲ ಎಂದರು. ಅದು ಒಳಗೇ ಇರುತ್ತದೇನು ಎಂದು ಕಾಕಾ ನನ್ನನ್ನು ಕೇಳಿದರು. ನನ್ನ ತಂದೆಯ ಹೃದಯದಲ್ಲಿ ಸ್ಟೆಂಟ್ ಇತ್ತು, ಸಾಯುವವರೆಗೂ ಇತ್ತು. ಹೂಂ, ಇರುತ್ತದೆ ಎಂದುಬಿಟ್ಟೆ, ಎಲ್ಲ ಬಲ್ಲವನ ಹಾಗೆ. ಬಿಡುಗಡೆ ಚೀಟಿಯ ತುದಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಗೀಚಿತ್ತು. ಔಷಧಿಯ ಹೆಸರಿರಬೇಕೆಂದು ಮಡಚಿಟ್ಟೆ.

ಆ ಸ್ಟೆಂಟ್, ಮೂತ್ರದ ದಾರಿಯಲ್ಲಿಟ್ಟು ನಾಲ್ಕು ವಾರಕ್ಕೆ ತೆಗೆಯಬೇಕಾದ ನಳಿಗೆ. ಕಾಕಾ ಉರಿ ಎಂದಾಗಲೆಲ್ಲ ಮೈಗೆ ಒಗ್ಗುತ್ತದೆ ಎಂದು ನಾನೇ ಸಮಾಧಾನ ಹೇಳಿದೆ. ಮರುವರ್ಷ ಮೂತ್ರದಲ್ಲಿ ರಕ್ತ ಬಂತು. ಬೀದರಿನಲ್ಲಿ ಎಕ್ಸ್‌ರೇ ತೆಗೆದಾಗ ನಳಿಗೆಯ ಉದ್ದಕ್ಕೂ ಹೊಸ ಕಲ್ಲು ಕಟ್ಟಿತ್ತು. ಅದನ್ನು ಬಿಡಿಸಲು ಅಲೆಯೂ ಬೇಕಾಯಿತು, ಲೇಸರೂ ಬೇಕಾಯಿತು, ಬೆನ್ನಿನ ತೂತೂ ಬೇಕಾಯಿತು. ಯಾವುದು ಮೇಲೆಂದು ನಾವು ಊರೂರು ಸುತ್ತಿ ಕೇಳಿದ್ದ ಮೂರೂ ಅವರೊಬ್ಬರ ಮೈಮೇಲೆಯೇ ನಡೆದವು. ಆದರೂ ಆ ಕಿಡ್ನಿ ಉಳಿಯಲಿಲ್ಲ.

ನಾನು ಭಾಲ್ಕಿಗೆ ಹೋಗಿ ಜಗಳವಾಡಿದೆ. ಚೀಟಿಯಲ್ಲಿ ಬರೆದಿದೆಯಲ್ಲ ಎಂದು ಡಾಕ್ಟರು ಬೆರಳಿಟ್ಟು ತೋರಿಸಿದರು. ಕನ್ನಡದಲ್ಲಿ ಒಂದು ಸಾಲು ಹೇಳಲು ಎಷ್ಟು ಹೊತ್ತು ಬೇಕಿತ್ತು? ಜೊತೆಗಿದ್ದ ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಕಲ್ಲು ತೆಗಿಯೋದು ಅಷ್ಟು ಚಂದ ಹೇಳಿದ್ರಿ. ಒಳಗ ಬಿಟ್ಟಿದ್ದು ತೆಗಿಬೇಕಂತ ಯಾಕ ಹೇಳಲಿಲ್ರಿ?" ಡಾಕ್ಟರು ಮುಂದಿನವರನ್ನು ಕರೆದರು. ಅಂದಿನಿಂದಲೇ ಕಾಕಾ ಆ ಗೇಟಿನ ಹೊರಗೆ ಕೂರತೊಡಗಿದ್ದು. ಅವರ ಮಾತು ಕೇಳಿ ಬಗದಲ ಊರಿನ ಹೆಣ್ಣುಮಗಳೊಬ್ಬಳು ಒಳಗೆ ಹೋಗಿ ವಿಚಾರಿಸಿ, ನಳಿಗೆ ತೆಗೆಯುವ ತಾರೀಖು ಬರೆಸಿಕೊಂಡು ಬಂದಳಂತೆ. ಆ ಸುದ್ದಿಯನ್ನು ನನಗೆ ಮೂರು ಸಲ ಹೇಳಿದ್ದರು.

ಕಳೆದ ಬೇಸಿಗೆಯಲ್ಲಿ ಉಳಿದ ಕಿಡ್ನಿಯೂ ಕೈಕೊಟ್ಟಿತು. ನೌಬಾದಿನ ಮಗಳ ಮನೆಯಲ್ಲಿ ಮಲಗಿದ್ದರು, ಮುಖ ಊದಿತ್ತು. ಅಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಅಂದು ಆಡಿದೆ. ಒಳಗೇ ಇರುತ್ತದೆ ಎಂದು ಹೇಳಿದವನು ನಾನು ಕಾಕಾ, ತಪ್ಪು ನನ್ನದು ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಅದೇ ನಮ್ಮ ಕೊನೆಯ ಭೇಟಿ.

"ನಿಮಗ ಗೊತ್ತಿರಲಿಲ್ರಿ ಮಾಸ್ತರ," ಎಂದರು. "ಅವರಿಗಿ ಗೊತ್ತಿತ್ತು."