ದೂರದರ್ಶಕಕ್ಕೆ ವಿಭೂತಿ ಹಚ್ಚಿದ ಶಾಲೆಗೆ ಹೋಗಿದ್ದು

ಮಡಕಶಿರದಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ತೊಡೆಯ ಮೇಲೆ ದೂರದರ್ಶಕದ ಪೆಟ್ಟಿಗೆ. "ಅದನ್ನ ಮೇಲಕ್ಕೆ ಹಾಕಮ್ಮ, ಜಾಗ ಆಗ್ತದೆ" ಎಂದ ಕಂಡಕ್ಟರ್. "ಒಳಗೆ ಗಾಜೈತಪ್ಪ. ಬೇಕಾದ್ರೆ ನಾನೇ ಮೇಲೆ ಹತ್ತಿ ಕೂತ್ಕತೀನಿ" ಎಂದೆ. ಪಾವಗಡದಲ್ಲೊಮ್ಮೆ, ಕಲ್ಯಾಣದುರ್ಗದಲ್ಲೊಮ್ಮೆ ಬಸ್ಸು ಬದಲಿಸಿ, ರಾಯದುರ್ಗದಿಂದ ಶೇರ್ ಆಟೋ ಹಿಡಿದು ಗುಮ್ಮಘಟ್ಟದ ಕಡೆಯ ಶಾಲೆ ಮುಟ್ಟಿದಾಗ ಹನ್ನೆರಡಾಗಿತ್ತು. ನಾನು ವಿಜ್ಞಾನದ ಟೀಚರು. ಅಲ್ಲಿಯ ಮಕ್ಕಳಿಗೆ ಸೂರ್ಯನ ಕಲೆಗಳನ್ನು ತೋರಿಸಲು ಕರೆದಿದ್ದರು.

ಅಂಗಳದಲ್ಲಿ ದೂರದರ್ಶಕ ನಿಲ್ಲಿಸಿ, ಮುಂದಿನ ಬಾಯಿಗೆ ಬೆಳ್ಳಿಬಣ್ಣದ ತೆಳು ಹಾಳೆಯ ಫಿಲ್ಟರ್ ತೊಡಿಸಿದೆ. ಮುಂದಿನ ಗಾಜು ಅಂಗೈಯಗಲದ ಬೆಳಕನ್ನೆಲ್ಲ ಕೂಡಿಸಿ, ಕಣ್ಣಿಡುವ ತುದಿಯಲ್ಲಿ ಚುಕ್ಕಿಯಷ್ಟಕ್ಕೆ ಹಿಂಡುತ್ತದೆ. ಅದಕ್ಕೇ ಬಿಸಿಲನ್ನು ಒಳಗೆ ಬರುವ ಮೊದಲೇ ತಡೆಯಬೇಕು. ಸಾಲಿನಲ್ಲಿ ಮೊದಲು ನಿಂತವಳು ಒಂಬತ್ತನೆಯ ತರಗತಿಯ ಗಂಗಮ್ಮ. "ರಜಾ ಬಂದ್ರ ಕುರಿ ಹಿಂದ ದಿನಾ ಬಿಸಿಲಾಗೇ ಇರ್ತೀನ್ರಿ. ಅದರಾಗ ಏನೈತಿ ನೋಡ್ಬೇಕ್ರಿ" ಎಂದಳು. ಯಾರೂ ಮುಟ್ಟಬಾರದೆಂದು ಹೇಳಿ, ಹೆಡ್‌ಮಾಸ್ಟರರ ಒತ್ತಾಯಕ್ಕೆ ಉಪ್ಪಿಟ್ಟು ತಿನ್ನಲು ಒಳಗೆ ಹೋದೆ. ಹೋಗಬಾರದಿತ್ತು, ಅದು ನನ್ನದೇ ತಪ್ಪು.

ಹೊರಬಂದರೆ ದೂರದರ್ಶಕಕ್ಕೆ ಪೂಜೆಯೇ ಆಗಿಹೋಗಿದೆ! ಫಿಲ್ಟರಿನ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ.

"ಹೊಸಾ ಮಿಷನ್ ಅಲ್ರಿ ಮೇಡಂ, ಪೂಜಿ ಮಾಡ್ದ ಹೆಂಗ ಚಾಲೂ ಮಾಡದು?" ಎಂದ ಹೆಡ್‌ಮಾಸ್ಟರರು, ನನ್ನ ಮುಖ ನೋಡಿ, "ಒರೆಸಿದ್ರ ಆತ್ರಿ" ಎಂದು ಒದ್ದೆ ಟವೆಲ್ಲಿನಿಂದ ಗಸಗಸ ತಿಕ್ಕಿಯೇಬಿಟ್ಟರು.

ಫಿಲ್ಟರ್ ಬಿಚ್ಚಿ ಹಿಂದೆ ಮೊಬೈಲ್ ಟಾರ್ಚ್ ಹಿಡಿದೆ. ಗೀರುಗಳ ತುಂಬ ಬೆಳಕು ತೂರುತ್ತಿತ್ತು. ಇನ್ನು ಇದರಲ್ಲಿ ಯಾರೂ ನೋಡುವಂತಿಲ್ಲ ಎಂದೆ. ಗಂಗಮ್ಮನ ಮುಖ ಬಾಡಿತು.

"ಒಂದ್ ಸೆಕೆಂಡ್ ನೋಡಿದ್ರ ಏನಾಗ್ತೈತ್ರಿ?" ಎಂದರು ಹೆಡ್‌ಮಾಸ್ಟರರು.

ನನ್ನ ಮೈಯೆಲ್ಲ ಉರಿಯಿತು. "ಮಕ್ಕಳ ಕಣ್ಣು ಅಂದ್ರೆ ಏನಂದ್ಕಂಡಿದೀರಾ ಸಾರ್?" ಎಂದವಳೇ, ಬರಿಯ ದೂರದರ್ಶಕವನ್ನು ಸೂರ್ಯನ ಕಡೆ ತಿರುಗಿಸಿ, ಕಣ್ಣಿಡುವ ತುದಿಗೆ ಇಕ್ಕಳದಲ್ಲಿ ಒಣಗಿದ ಎಲೆ ಹಿಡಿದೆ. ಹೊಗೆ ಎದ್ದಿತು. ಎಲೆಗೆ ತೂತು ಬಿತ್ತು. "ಕಣ್ಣೊಳಗೆ ಹಿಂಗೇ ಸುಡ್ತದೆ. ನೋವೂ ಗೊತ್ತಾಗಲ್ಲ, ಹೋದ ಕಣ್ಣೂ ಬರಲ್ಲ."

ಆಮೇಲೆ ಯಾರೂ ಕಣ್ಣಿಡದಂತೆ ಪಕ್ಕದಲ್ಲೇ ನಿಂತು, ಒಂದು ಮೊಳ ದೂರದಲ್ಲಿ ಬಿಳಿ ರಟ್ಟು ಹಿಡಿಸಿದೆ. ರಟ್ಟಿನ ಮೇಲೆ ರೊಟ್ಟಿಯಗಲದ ಸೂರ್ಯ, ಅದರಲ್ಲಿ ಎರಡು ಕಪ್ಪು ಚುಕ್ಕೆ. "ಅದಾವ್ರೀ, ಅದಾವು!" ಎಂದು ಗಂಗಮ್ಮ ಕುಣಿದಳು.

ಎಲ್ಲರೂ ನೋಡಿದ ಮೇಲೆ ನಾನು ಮತ್ತದೇ ತಪ್ಪು ಮಾಡಿ ಪೆಟ್ಟಿಗೆ ತರಲು ಒಳಗೆ ಹೋದಾಗ, ತಡವಾಗಿ ಬಂದರು ಕಾರ್ಯಕ್ರಮಕ್ಕೆ ಕರೆದಿದ್ದ ಮುಖ್ಯ ಅತಿಥಿಗಳು. "ಫೋಟೋಕ್ಕ ಒಮ್ಮೆ ಕಣ್ಣಿಡ್ರಿ ಸಾರ್" ಎಂಬ ಹೆಡ್‌ಮಾಸ್ಟರರ ದನಿ ಕೇಳಿ ಹೊರಗೋಡಿದೆ. ಎಂಥ ಮನುಷ್ಯರಪ್ಪ ಇವರು! ಅಷ್ಟರಲ್ಲಿ ಗಂಗಮ್ಮ ಮುಂದಿನ ಬಾಯಿಗೆ ಮುಚ್ಚಳ ಹಾಕಿ ಅಡ್ಡ ನಿಂತಿದ್ದಳು.

"ಏ, ಸರಿಯಬೇ!" ಎಂದು ಗದರಿದರು ಹೆಡ್‌ಮಾಸ್ಟರರು.

ಅವಳು ಸರಿಯಲಿಲ್ಲ. "ಮೊದ್ಲು ಇದನ್ನ ನೋಡ್ರಿ" ಎಂದು ಅತಿಥಿಗಳ ಕೈಗೆ ಸುಟ್ಟ ಎಲೆ ಕೊಟ್ಟಳು.

ಮಡಕಶಿರ ಮುಟ್ಟಿದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಮರುದಿನ ಹೆಡ್‌ಮಾಸ್ಟರರು ಫೋಟೋ ಕಳಿಸಿದರು. ಅತಿಥಿಗಳು ದೂರದರ್ಶಕದ ಪಕ್ಕ ನಿಂತು, ತೂತು ಬಿದ್ದ ಎಲೆಯನ್ನೇ ನೋಡುತ್ತಿದ್ದಾರೆ.